ಚುಕ್ಕಿ ರೂಪಾಯಿ ಮಾರಲು ಹೋದ ಬೋರಲಿಂಗ

ಕೇಳ್ರಪ್ಪಾ ಕೇಳಿ, ನಗು ತಡೆಯೋಕಾಗದೋರು ಹಿಂದೆ ಕೂತ್ಕೊಳ್ಳಿ! ದ್ಯಾವೀರಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಬೋರಲಿಂಗ ಅಂತ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಬೆಳೆಯೋದನ್ನ ಮರೆತಿತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. ಕಷ್ಟ ಇದ್ದದ್ದೇ ಅಲ್ಲಿ.

ಮನೆಗೆ ಆಧಾರವಾಗಿದ್ದ ಎಮ್ಮೆ ಸತ್ತುಹೋಯಿತು. ಅವಳ ಅತ್ತೆ ಸಾಯುವಾಗ ಬಿಟ್ಟುಹೋದ ಮಡಕೆಯಲ್ಲಿ ರಾಜನ ಮುಖದ ಬೆಳ್ಳಿ ರೂಪಾಯಿಗಳಿದ್ದವು. ಪೇಟೆಯಲ್ಲಿ ಅಶ್ವತ್ಥ ಶೆಟ್ಟರು ಹಳೇ ನಾಣ್ಯ ಕೊಳ್ಳುತ್ತಿದ್ದರು. ಇವನ್ನು ಮಾರಿ ಒಂದು ಎಮ್ಮೆ ತರಬೇಕು, ಅದೊಂದೇ ದ್ಯಾವೀರಮ್ಮನ ಆಸೆ.

"ಒಂದು ತಗೊಂಡು ಹೋಗಿ ಬೆಲೆ ಕೇಳ್ಕೊಂಡು ಬಾ. ಕರ್ರಗಾಗಿದೆ, ಚೆನ್ನಾಗಿ ಉಜ್ಜು!" ಅಂದಳು.

ಉಜ್ಜಿದ. ಹುಣಸೆಹಣ್ಣು ಹಾಕಿ ಉಜ್ಜಿದ, ಇಟ್ಟಿಗೆಪುಡಿ ಹಾಕಿ ಉಜ್ಜಿದ. ರಾಜನ ಮೂಗು ಹೋಯಿತು, ಇಸವಿ ಹೋಯಿತು, ಬಿಲ್ಲೆ ಉಳಿಯಿತು.

"ಅಯ್ಯೋ ಮಾರಾಯ, ಹಳೇ ನಾಣ್ಯ ಉಜ್ಜಬಾರದು ಕಣಯ್ಯಾ!" ಅಂತ ವಾಪಸ್ ಕಳಿಸಿದರು ಶೆಟ್ಟರು.

ಅಮ್ಮ ಹಣೆ ಚಚ್ಚಿಕೊಂಡಳು. "ಮಂಕು ಮುಂಡೇದೆ! ಮಡಕೇಲಿ ಇದ್ದದ್ದನ್ನ ಇದ್ದ ಹಾಗೇ ತಗೊಂಡು ಹೋಗಬೇಕು!"

"ಆಗ್ಲಮ್ಮಾ!"

ಮಡಕೆಯನ್ನೇ ಹೊತ್ತುಕೊಂಡು ಹೋದ. ಶೆಟ್ಟರ ಬಿಳೀ ಗಾದಿಯ ಮೇಲೆ ಬೋರಲು ಹಾಕಿದ. ರೂಪಾಯಿ ಬಿದ್ದವು, ಬೂದಿ ಬಿತ್ತು, ಇಲಿಮರಿಗಳು ಬಿದ್ದವು. ಶೆಟ್ಟರು ಸ್ಟೂಲು ಹತ್ತಿ ಕೂಗಿಕೊಂಡರು. ಆದರೂ ಆಸೆ ಬಿಡಲಿಲ್ಲ, ಬೋರಲಿಂಗ ಎತ್ತಿಕೊಟ್ಟ ಹಾಗೆ ಅಲ್ಲಿಂದಲೇ ಭೂತಗನ್ನಡಿ ಹಿಡಿದು ಒಂದೊಂದೇ ನೋಡಿದರು.

"ಎಲ್ಲಾ ಕಲ್ಕತ್ತದ್ದು, ಇಂಥವು ನನ್ನ ಹತ್ರ ರಾಶಿ ಬಿದ್ದಿವೆ! ಇಸವಿ ಕೆಳಗೆ ಸಣ್ಣ ಚುಕ್ಕಿ ಇದ್ದರೆ ಬೊಂಬಾಯಿ ಟಂಕಸಾಲೆದು. ಈ ಇಸವಿಯವಕ್ಕೆ ಚುಕ್ಕಿ ಇದ್ದಿದ್ದರೆ ಹತ್ತು ಪಟ್ಟು ಕೊಡ್ತಿದ್ದೆ. ಬಾಚ್ಕೊಂಡು ಹೋಗು!"

ಮನೆಗೆ ಬಂದು ಅಮ್ಮನಿಗೆ ಹೇಳಿದ. "ಕತ್ತೆ! ಮಡಕೆ ಯಾಕೋ ಹೊತ್ತೆ? ಹೋಗಲಿ, ಮನೆಯೆಲ್ಲಾ ಹುಡುಕು. ಚುಕ್ಕಿ ಇರೋದೇ ಕೊಡಬೇಕು!" ಅಂದಳು ಅಮ್ಮ.

"ಆಗ್ಲಮ್ಮಾ!"

ಹುಡುಕಿದ, ಸಿಗಲಿಲ್ಲ. ಸುತ್ತಿಗೆ ತಂದ, ಮೊಳೆ ತಂದ, ಕುಟ್ಟಿದ. ಒಂದು ಚುಕ್ಕಿಗೆ ಹತ್ತು ಪಟ್ಟಾದರೆ ತುಂಬಾ ಚುಕ್ಕಿಗೆ ಎಷ್ಟಾಗಬೇಡ! ಎಲ್ಲಾ ರಾಜರಿಗೂ ಸಿಡುಬು ಎದ್ದ ಹಾಗಾಯಿತು.

ತಂದು ತೋರಿಸಿದಾಗ ಶೆಟ್ಟರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಂಗಡಿ ಮುಂದಿದ್ದ ದೊಡ್ಡ ಗಾಜಿನ ಪೆಟ್ಟಿಗೆಯಿಂದ ತಮ್ಮದೊಂದು ರೂಪಾಯಿ ತೆಗೆದು ತೋರಿಸಿದರು. ಅದರಲ್ಲಿ ರಾಜನಿಗೆ ಎರಡು ಮೂಗು.

"ನೋಡು, ಸರ್ಕಾರದ ಟಂಕಸಾಲೆಯಲ್ಲೇ ಅಚ್ಚು ಎರಡು ಸಲ ಬಿದ್ದಿದೆ. ಇದೊಂದಕ್ಕೇ ಎರಡು ಎಮ್ಮೆ ಬರ್ತವೆ. ಹುಟ್ಟುವಾಗಲೇ ಆದ ತಪ್ಪಿಗೆ ಬೆಲೆ ಕಣಯ್ಯಾ, ಆಮೇಲೆ ನೀನು ಮಾಡಿದ ತಪ್ಪಿಗಲ್ಲ. ನಿನ್ನವು ಇನ್ನು ಕರಗಿಸೋಕೇ ಸೈ!"

ಕೇಳಿದಿರಾ ನ್ಯಾಯ? ಬಡವ ತಪ್ಪಿದರೆ ಬೈಗುಳ, ಸರ್ಕಾರ ತಪ್ಪಿದರೆ ಗಾಜಿನ ಪೆಟ್ಟಿಗೆ!

ಬೋರಲಿಂಗ ಮನೆಗೆ ಬಂದು ನಡೆದದ್ದನ್ನೆಲ್ಲಾ ಒಪ್ಪಿಸಿದ. ಎಮ್ಮೆಯ ಆಸೆ ಪೂರ್ತಿ ಹೋಯಿತೆಂದು ದ್ಯಾವೀರಮ್ಮ ನೆಲಕ್ಕೆ ಕುಸಿದು ಅತ್ತಳು.

"ನಿನ್ನ ಮಾಡುವಾಗಲೇ ಬ್ರಹ್ಮ ತಪ್ಪು ಮಾಡಿಬಿಟ್ಟ ಕಣೋ! ಲೋಕವೆಲ್ಲಾ ಹುಡುಕಿದರೂ ನಿನ್ನಂಥದ್ದು ಇನ್ನೊಂದು ಸಿಗಲ್ಲ!"

ಬೋರಲಿಂಗನ ಮುಖ ಅರಳಿತು. "ಮೊದಲೇ ಹೇಳಬಾರದಾ ಅಮ್ಮಾ!" ಅಂದವನೇ ಓಡಿದ.

ಅವಳು ಏದುಸಿರು ಬಿಡುತ್ತಾ ಪೇಟೆಗೆ ಬಂದು ನೋಡ್ತಾಳೆ, ಮಗ ಶೆಟ್ಟರ ಗಾಜಿನ ಪೆಟ್ಟಿಗೆಯೊಳಗೆ ಮಖಮಲ್ಲಿನ ಮೇಲೆ ಮುದುರಿಕೊಂಡು ಕೂತಿದ್ದಾನೆ! ಊರೇ ನೆರೆದಿದೆ. ನಾಣ್ಯ ಕೊಳ್ಳಲು ಬಂದ ಕೋಟು ತೊಟ್ಟ ಗಿರಾಕಿಯೊಬ್ಬ ಅವನ ಗದ್ದದ ಕೆಳಗೆ ಭೂತಗನ್ನಡಿ ಹಿಡಿದು ಚುಕ್ಕಿ ಹುಡುಕುತ್ತಿದ್ದಾನೆ.

"ಹುಟ್ಟುವಾಗಲೇ ಆದ ತಪ್ಪು ಸ್ವಾಮೀ! ಅಮ್ಮನೇ ಹೇಳಿದ್ದು. ಇನ್ನೊಂದಿಲ್ಲ!" ಅಂತ ಬೋರಲಿಂಗ ಕೂಗುತ್ತಿದ್ದ.

ದ್ಯಾವೀರಮ್ಮ ಗುಂಪು ಸೀಳಿಕೊಂಡು ಮುಂದೆ ಬಂದಳು. "ಇಳಿಯೋ ನನ್ನಪ್ಪಾ! ನಿನ್ನ ಮಾರಿ ಎಮ್ಮೆ ಕಟ್ಕೊಳ್ಳಲಾ ನಾನು?" ಅಂತ ಗೋಳಾಡಿದಳು.

"ಗಿರಾಕಿ ಮುಂದೆ ಅಳಬೇಡಮ್ಮಾ, ಬೆಲೆ ಇಳಿಸಿಬಿಡ್ತಾರೆ! ನೀನು ಎಮ್ಮೆ ಹೊಡ್ಕೊಂಡು ಹೋಗು. ಹಾಲು ಕರೆದ ಮೇಲೆ ಒಂದು ಲೋಟ ಕಳಿಸು, ನಾನು ಇಲ್ಲೇ ಇರ್ತೀನಿ!"