ಚಿಪ್ಪಿನಲ್ಲಿ ತೆಗೆಯುವ ನೀರು

“ಗುರುಗಳೇ, ನಾನು ಎಲ್ಲವನ್ನೂ ವಿಚಾರಿಸಿ ಆಯಿತು. ಇನ್ನು ವಿಚಾರಿಸುವುದು ಏನಾದರೂ ಉಳಿದಿದೆಯೇ?”

ಹೀಗೆ ಕೇಳಿದವನು ಚನ್ನವೀರನೆಂಬ ಹಿರಿಯ ಶಿಷ್ಯ. ಮೂವತ್ತು ವರ್ಷ ಮಠದ ಪಾಠಶಾಲೆಯಲ್ಲಿ ಅಕ್ಷರ ಕಲಿಸಿದವನು. ಈಗ ದನಿ ಸೋತಿತ್ತು. ಹೊಳೆ ಕಡಲನ್ನು ಸೇರುವಲ್ಲಿ ಒಂದು ನಡುಗಡ್ಡೆ ಇತ್ತು. ಉಳಿದ ಆಯುಸ್ಸನ್ನು ಅಲ್ಲಿ ಮೌನವಾಗಿ ಕಳೆಯಬೇಕೆಂಬುದು ಅವನ ಆಸೆ. ಒಂದು ವರ್ಷದಿಂದ ಅದರ ಹಿಂದೆ ಬಿದ್ದಿದ್ದ. ನೆರೆ ಯಾವ ತಿಂಗಳಲ್ಲಿ ಬರುತ್ತದೆ, ಹಾವಿನ ಕಾಟ ಇದೆಯೇ, ಗುಡಿಸಲಿಗೆ ಎತ್ತರದ ಜಾಗ ಯಾವುದು, ಎಲ್ಲವನ್ನೂ ತಿಳಿದುಕೊಂಡಿದ್ದ. ಅಲ್ಲಿರುವುದು ನಾಲ್ಕೇ ಅಂಬಿಗರ ಮನೆ, ಗಲಾಟೆಯಿಲ್ಲ ಎಂಬುದು ಅವನಿಗೆ ಬಹಳ ಹಿಡಿಸಿತ್ತು. ಗುರುಗಳ ಅಪ್ಪಣೆಯೊಂದು ಬಾಕಿ.

ಗುರು ಅಪ್ಪಣೆ ಕೊಡಲಿಲ್ಲ, ಬೇಡವೆನ್ನಲೂ ಇಲ್ಲ. “ಕುಳಿತುಕೋ” ಎಂದು ಈ ಕತೆ ಹೇಳಿದರು.

ಕಡಲ ತಡಿಯ ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ದ್ವೀಪಗಳಿಗೆ ಅಕ್ಕಿ ಮೆಣಸು ಕಳಿಸುವುದು ಅವನ ಕಸುಬು. ತಾನು ಮಾತ್ರ ಒಂದು ಸಲವೂ ದೋಣಿ ಹತ್ತಿದವನಲ್ಲ. ಅವನ ಹೆಂಡತಿಗೆ ಕೀಲುನೋವು. ಥಂಡಿ ಗಾಳಿ ಬೀಸಿದರೆ ಹಾಸಿಗೆ ಬಿಟ್ಟು ಏಳಲಾರಳು. ಬೆಚ್ಚಗಿನ ದ್ವೀಪದಲ್ಲಿದ್ದು ದಿನವೂ ಬಿಸಿನೀರು ಹುಯ್ದುಕೊಂಡರೆ ನೋವು ಇಳಿಯುತ್ತದೆ ಎಂದು ವೈದ್ಯ ಹೇಳಿದ. ವರ್ತಕನಿಗೆ ಹೆಂಡತಿಯೆಂದರೆ ಪ್ರಾಣ. ವ್ಯಾಪಾರವನ್ನು ತಮ್ಮನಿಗೆ ಒಪ್ಪಿಸಿ, ಮುಪ್ಪನ್ನು ದ್ವೀಪದಲ್ಲಿ ಕಳೆಯುವುದೆಂದು ನಿಶ್ಚಯಿಸಿದ.

ಯಾವ ದ್ವೀಪ? ಅದನ್ನು ಗೊತ್ತುಮಾಡಲು ಐದು ವರ್ಷ ಹಿಡಿಯಿತು. ವರ್ತಕನಲ್ಲವೇ, ಒಬ್ಬನ ಮಾತು ಕೇಳಿ ತಲೆಯಾಡಿಸುವ ಆಸಾಮಿಯಲ್ಲ. ಮೂರು ದೋಣಿಗಳಿಂದ ಮೂವರನ್ನು ಕರೆಸಿ ಬೇರೆಬೇರೆಯಾಗಿ ಕೂರಿಸಿ ಕೇಳುವನು. ಮೂವರ ಮಾತೂ ಒಂದೇ ಆದರೆ ಮಾತ್ರ ಪುಸ್ತಕದಲ್ಲಿ ಬರೆದುಕೊಳ್ಳುವನು. ಗಾಳಿ ಜೋರೆಂದು ಒಂದು ದ್ವೀಪವನ್ನು ಬಿಟ್ಟ. ಜ್ವರವಿದೆಯೆಂದು ಇನ್ನೊಂದನ್ನು ಬಿಟ್ಟ. ಕೊನೆಗೆ ಒಂದು ಉಳಿಯಿತು. ಅಲ್ಲಿನ ನೀರು ಸಿಹಿ ಎಂದು ಮೂವರಲ್ಲ, ಮೂವತ್ತು ಮಂದಿ ಹೇಳಿದರು. ಅವನಿಗೆ ಅದೂ ಸಾಲದು. ಬಾಯಿ ಕಟ್ಟಿದ ಗಡಿಗೆಯಲ್ಲಿ ಆ ನೀರನ್ನು ತರಿಸಿ, ಅದರಲ್ಲಿ ತೊಗರಿಬೇಳೆ ಬೇಯಿಸಿ ನೋಡಿದ. ಬೇಳೆ ಬೆಣ್ಣೆಯಂತೆ ಬೆಂದಿತು. ಆಗ ಮನಸ್ಸು ಗಟ್ಟಿಯಾಯಿತು. ಅಷ್ಟು ವರ್ಷವೂ ಹೆಂಡತಿ ನೋವು ಉಣ್ಣುತ್ತಲೇ ಇದ್ದಳು.

ನಗಬೇಡ, ಚನ್ನವೀರ. ನೀನೂ ಬೇಳೆ ಬೇಯಿಸಿ ನೋಡುವ ಪೈಕಿಯೇ.

ದ್ವೀಪದವರು ಒಳ್ಳೆಯವರು. ಬಂದ ಮುದುಕರಿಬ್ಬರಿಗೂ ಜಾಗ ಕೊಟ್ಟರು. ಮನೆಗೆ ಗರಿ ಹೊದಿಸಲು ಊರಿಗೆ ಊರೇ ಬಂತು. ಅಲ್ಲಿ ಮೂರು ಮನೆಗೆ ಒಂದು ಬಾವಿ. ವರ್ತಕನಿಗೆ ಸಿಕ್ಕಿದ ಬಡಗಣ ದಿಕ್ಕಿನ ಬಾವಿಯಲ್ಲಿ ಇನ್ನೆರಡು ಮನೆಗಳಿಗೂ ಪಾಲಿತ್ತು. ಒಂದು ಮನೆಯಲ್ಲಿ ಒಬ್ಬ ಮುದುಕಿ, ಇನ್ನೊಂದರಲ್ಲಿ ಅವಳ ಮೊಮ್ಮಗಳು, ಚೊಚ್ಚಲ ಬಸುರಿ. ಬಾವಿ ಆಳವಿರಲಿಲ್ಲ. ಅದರ ಪಕ್ಕದಲ್ಲಿ ಉದ್ದ ಕೋಲಿಗೆ ಕಟ್ಟಿದ ಒಂದು ತೆಂಗಿನ ಚಿಪ್ಪು ಇತ್ತು. ಎಲ್ಲರೂ ಅದರಲ್ಲೇ ನೀರು ತೆಗೆಯುವರು. ಒಂದು ಕೊಡ ತುಂಬುವಷ್ಟರಲ್ಲಿ ಹಾಡೊಂದು ಹೇಳಿ ಮುಗಿಸಬಹುದು.

ವರ್ತಕನಿಗೆ ಅಯ್ಯೋ ಎನ್ನಿಸಿತು. ಪಾಪ, ಇವರು ರಾಟೆಯನ್ನೇ ಕಂಡಿಲ್ಲ ಎಂದುಕೊಂಡ. ಊರಿನಿಂದ ತಂದಿದ್ದ ರಾಟೆಯನ್ನು ಬಾವಿಗೆ ಹೂಡಿದ. ಹಗ್ಗಕ್ಕೆ ದೊಡ್ಡ ತಾಮ್ರದ ಕೊಡ ಕಟ್ಟಿದ. ದಿನವೂ ಹಂಡೆ ತುಂಬ ನೀರು ಕಾಯಿಸಿ ತಾನೇ ಹೆಂಡತಿಗೆ ಹುಯ್ದ. ತಿಂಗಳೊಳಗೆ ಅವಳು ಎದ್ದು ಕಡಲ ದಂಡೆಯವರೆಗೆ ನಡೆದಳು. ಅವನ ಸಂತೋಷಕ್ಕೆ ಪಾರವಿಲ್ಲ. ಆ ಸಂತೋಷದಲ್ಲಿ ಪಕ್ಕದ ಎರಡು ಮನೆಯ ಕೊಡಗಳನ್ನೂ ಸೇದಿ ತುಂಬಿಸತೊಡಗಿದ.

ಮುದುಕಿ ಬೇಡವೆಂದು ಕೈಯಾಡಿಸಿದಳು. ಸಂಕೋಚವೆಂದುಕೊಂಡ. ಅವನ ಎದುರಿಗೇ ಚಿಪ್ಪನ್ನು ಇಳಿಸಿ, ಮೆಲ್ಲಗೆ ನೀರು ತೆಗೆದಳು. ಹಳೆಯ ಅಭ್ಯಾಸವೆಂದುಕೊಂಡ. ಬಂದು ನೆಲೆಸಿದ ಹಿರಿಯನಿಗೆ ಬಾಯಿಬಿಟ್ಟು ಬುದ್ಧಿ ಹೇಳುವ ರೂಢಿ ಆ ಜನರಲ್ಲಿ ಇಲ್ಲ. ಮಾಡಿ ತೋರಿಸುತ್ತಾರೆ, ನೋಡಿದವನು ತಿಳಿಯಬೇಕು. ಇದನ್ನು ಅವನಿಗೆ ಯಾವ ದೋಣಿಯವನೂ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

ಬೇಸಗೆ ಬಂತು. ಮೊಮ್ಮಗಳು ಹೆತ್ತಳು. ಹೆತ್ತ ಹನ್ನೊಂದನೆಯ ದಿನ ಬಾವಿಯ ನೀರು ಉಪ್ಪಾಯಿತು. ಬಾಣಂತಿ ಕುಡಿದು ಕಕ್ಕಿದಳು. ನಾಲ್ಕು ದಿನದಲ್ಲಿ ಎದೆಯ ಹಾಲು ಕಡಿಮೆಯಾಯಿತು. ಮಗುವಿನ ಅಳು ಮೂರು ಮನೆಗೂ ಕೇಳುತ್ತಿತ್ತು.

ವರ್ತಕ ಪುಸ್ತಕ ಹಿಡಿದು ಮುದುಕಿಯ ಅಂಗಳಕ್ಕೆ ಓಡಿದ.

“ಅಮ್ಮಾ, ಈ ನೀರು ಸಿಹಿಯೆಂದು ಮೂವತ್ತು ಜನ ಹೇಳಿದರು. ಒಬ್ಬನಾದರೂ ನಿಜ ಹೇಳಬಾರದಿತ್ತೇ?”

“ಅವರು ಹೇಳಿದ್ದು ನಿಜವೇ, ಮಗಾ. ನಮ್ಮ ನೆಲದಡಿ ಇರುವುದೆಲ್ಲ ಕಡಲು. ಮಳೆನೀರು ಅದರ ಮೇಲೆ ಕೆನೆಯ ಹಾಗೆ ನಿಂತಿದೆ. ಚಿಪ್ಪಿನಲ್ಲಿ ಸ್ವಲ್ಪಸ್ವಲ್ಪ ತೆಗೆದರೆ ಸಿಹಿ. ಕೊಡಗಟ್ಟಲೆ ಎತ್ತಿದರೆ ಕೆಳಗಿನ ಕಡಲು ಮೇಲೆ ಬರುತ್ತದೆ.”

“ಮತ್ತೆ ಸಿಹಿಯಾಗುವುದು ಯಾವಾಗ?”

“ಎರಡು ಮಳೆಗಾಲ ಕಳೆಯಬೇಕು. ಅಲ್ಲಿಯವರೆಗೆ ಬೇರೆ ಬಾವಿಯವರು ತಮ್ಮ ಪಾಲಿನಲ್ಲಿ ಉಳಿಸಿ ಕೊಡುತ್ತಾರೆ. ಬಾಣಂತಿಗೆ ಅದು ಸಾಲದು. ನಿಮ್ಮ ಮನೆಗೂ ಕೊಡುತ್ತಾರೆ, ಯೋಚನೆ ಮಾಡಬೇಡ.”

ಆ ಕೊನೆಯ ಮಾತನ್ನು ವರ್ತಕ ತಡೆದುಕೊಳ್ಳಲಾರದೆ ಹೋದ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಮಳೆಗೆ ಮುಂಚಿನ ಕೊನೆಯ ದೋಣಿಯಲ್ಲಿ ಬಾಣಂತಿಯನ್ನೂ ಮಗುವನ್ನೂ ಬೇರೆ ದ್ವೀಪದ ನೆಂಟರ ಮನೆಗೆ ಕಳಿಸಿದರು. ಕಡಲು ಆಗಲೇ ಕೆರಳಿತ್ತು. ಮುದುಕಿ ದಂಡೆಯಲ್ಲಿ ನಿಂತು ದೋಣಿ ಮರೆಯಾಗುವ ತನಕ ನೋಡಿದಳು. ಆಮೇಲೆ ಒಂಟಿಯಾಗಿ ಮನೆಗೆ ನಡೆದಳು. ವರ್ತಕನ ಹೆಂಡತಿ ಅಂದಿನಿಂದ ಬಿಸಿನೀರನ್ನು ಮೈಗೆ ಮುಟ್ಟಿಸಲಿಲ್ಲ. ನೋವು ಮರಳಿ ಬಂತು. ಅಕ್ಕಪಕ್ಕದವರು ತಂದುಕೊಟ್ಟ ನೀರನ್ನು ಕುಡಿಯುವಾಗ ಅವಳ ಕಣ್ಣು ತುಂಬುತ್ತಿತ್ತು. ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ತನಗಾಗಿಯೇ ಮಾಡಿದನಲ್ಲ, ಏನೆಂದಾಳು?

ವರ್ತಕ ತನ್ನ ಪುಸ್ತಕವನ್ನು ಮೊದಲಿನಿಂದ ಓದಿದ. ಒಂದು ಸುಳ್ಳೂ ಸಿಗಲಿಲ್ಲ. ಐದು ವರ್ಷ ಬರೆದದ್ದೆಲ್ಲ ನಿಜವೇ ಆಗಿತ್ತು, ಅವನು ದೋಣಿಯಿಂದ ಇಳಿಯುವ ತನಕ.

ಮಾರನೆಯ ವರ್ಷ ಪಟ್ಟಣದಲ್ಲಿ ಮತ್ತೊಬ್ಬ ಯಾರೋ ಆ ದ್ವೀಪದ ನೀರು ಹೇಗೆಂದು ವಿಚಾರಿಸಿದನಂತೆ. ದೋಣಿಯವರು ಹೇಳಿದರು, “ನೀರು ಸಿಹಿ. ಆದರೆ ಬಡಗಣ ಬಾವಿ ಉಪ್ಪು. ಅಲ್ಲಿಗೆ ಒಬ್ಬ ವರ್ತಕ ಬಂದಿದ್ದಾನೆ.”

ಗುರು ಕತೆ ನಿಲ್ಲಿಸಿದರು. ಚನ್ನವೀರ ಮುಖ ಎತ್ತಿದ. ಪಾಠ ಸಿಕ್ಕಿತೆಂಬ ಸಮಾಧಾನ ಅವನ ಮುಖದಲ್ಲಿತ್ತು.

“ತಿಳಿಯಿತು ಗುರುಗಳೇ. ನೀರು ಹೇಗಿದೆ ಎಂದು ಕೇಳಿದ, ಅದನ್ನು ಹೇಗೆ ಕಾಪಾಡುತ್ತೀರಿ ಎಂದು ಕೇಳಲಿಲ್ಲ. ಆ ಒಂದು ಪ್ರಶ್ನೆ ನನ್ನಲ್ಲೂ ಬಿಟ್ಟುಹೋಗಿದೆ. ನಾಳೆಯೇ ಹೋಗಿ ಅಂಬಿಗರನ್ನು ಕೇಳಿ ಬರುತ್ತೇನೆ.”

ಗುರು ಅವನ ಸೋತ ದನಿಯನ್ನು ಪೂರ್ತಿ ಆಲಿಸಿ, ಮೆಲ್ಲಗೆ ಕೇಳಿದರು:

“ನೀನು ಎಂಥವನೆಂದು ಆ ನಾಲ್ಕು ಮನೆಯವರು ಯಾರನ್ನು ಕೇಳಬೇಕು?”