ಅರ್ಧ ಬಾಟಲಿ ಬ್ರೇಕ್ ಆಯಿಲ್

ಗುಡ್ಡದ ಮೇಲೊಂದು ಆಶ್ರಮ, ಕೆಳಗೊಂದು ಹೊಳೆ, ನಡುವೆ ತಿರುವುಗಳೇ ತುಂಬಿದ ಇಳಿಜಾರಿನ ರಸ್ತೆ. ಇಷ್ಟು ತಿಳಿದಿದ್ದರೆ ಸಾಕು. ಉಳಿದದ್ದೆಲ್ಲ ಸಿಟ್ಟಿನ ಕಥೆ.

ಸಿಟ್ಟು ಬಂದದ್ದು ಚನ್ನವೀರನಿಗೆ. ಆಶ್ರಮದ ಹಳೆಯ ಕಾರು ಓಡಿಸುವುದು ಅವನ ಸೇವೆ. ಚಾವಿ ಸದಾ ಅವನ ಸೊಂಟದಲ್ಲೇ ಇರುತ್ತಿತ್ತು. ನಿನ್ನೆ ಸಂಜೆ ಗುರು ಅಡವಿಸ್ವಾಮಿಗಳು ಕೈಚಾಚಿ ಅದನ್ನು ಇಸಿದುಕೊಂಡಿದ್ದರು. ಯಾಕೆಂದು ಹೇಳಲಿಲ್ಲ. ಆಗಿನಿಂದ ಅವನಿಗೆ ಊಟ ಸೇರಲಿಲ್ಲ, ಜಪ ಕೂಡಲಿಲ್ಲ. ನಾಲ್ಕು ಜನರ ನಡುವೆ ಮೈಮೇಲಿನ ಬಟ್ಟೆ ಕಿತ್ತುಕೊಂಡ ಹಾಗಾಗಿತ್ತು.

ನಡೆದದ್ದು ಇಷ್ಟು. ಅಡುಗೆಯ ನೀಲವ್ವನನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಊರಿಗೆ ಕರೆದೊಯ್ಯುತ್ತಿದ್ದ. ಇಳಿಜಾರಿನುದ್ದಕ್ಕೂ ಬ್ರೇಕ್ ತುಳಿಯುತ್ತ ಅರ್ಧ ದಾರಿಗೆ ಬಂದಾಗ ಪೆಡಲ್ ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗಾಗಿ ತಳ ಮುಟ್ಟಿತು. ಕಾರು ನಿಲ್ಲಲಿಲ್ಲ. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಜಗ್ಗಿ, ಕೊನೆಗೆ ರಸ್ತೆಯಂಚಿನ ಮಣ್ಣಿನ ದಿಬ್ಬಕ್ಕೆ ಗುದ್ದಿಸಿ ನಿಲ್ಲಿಸಿದ. ಹಿಂದೆ ಕೂತ ನೀಲವ್ವ ಮುಂದಿನ ಸೀಟಿಗೆ ಹಣೆ ಬಡಿದುಕೊಂಡಳು. ದಿಬ್ಬದ ಆಚೆ ಹೊಳೆಯವರೆಗೂ ಬರೀ ಬಂಡೆ.

ಬಿಸಿ ಆರಿದ ಮೇಲೆ ಬ್ರೇಕ್ ಮತ್ತೆ ಹಿಡಿಯಿತು. ಚನ್ನವೀರ ಕಾರನ್ನು ಮೆಲ್ಲಗೆ ಮೇಲಕ್ಕೆ ತಂದ. ನೀಲವ್ವ ಮಾತ್ರ ಹತ್ತಲಿಲ್ಲ, ಸೆರಗಿನಿಂದ ಹಣೆ ಒತ್ತಿಕೊಂಡು ನಡೆದೇ ಬಂದಳು.

ಜೀವ ಉಳಿಸಿದ್ದಕ್ಕೆ ಗುರುಗಳು ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದ. ಅವರು ಚಾವಿ ಇಸಿದುಕೊಂಡರು.

ಬೆಳಿಗ್ಗೆ ಹೋಗಿ ಅವರ ಎದುರು ನಿಂತ. ನಮಸ್ಕಾರ ಮಾಡಲಿಲ್ಲ.

“ಚಾವಿ ಕೊಡ್ರಿ, ಅಜ್ಜಾರ.”

“ಬ್ರೇಕಿಗೆ ಯಾವ ಆಯಿಲ್ ಹಾಕಿದ್ದಿ?”

“ಉಗ್ರಾಣದಾಗ ಅರ್ಧ ಬಾಟಲಿ ಇತ್ತಲ್ರಿ, ಅದನ್ನ. ಕಡಿಮಿ ಆದಾಗೆಲ್ಲ ಅದನ್ನ ಹಾಕ್ಕೋತ ಬಂದೀನಿ. ಒಂದ ಹನಿ ಚೆಲ್ಲಿಲ್ಲ.”

ಕೊನೆಯ ಮಾತನ್ನು ಹೆಮ್ಮೆಯಿಂದಲೇ ಹೇಳಿದ. ಆ ಆಶ್ರಮದಲ್ಲಿ ಏನನ್ನೂ ಚೆಲ್ಲುವಂತಿರಲಿಲ್ಲ. ಅಕ್ಕಿ ತೊಳೆದ ನೀರು ದನಗಳಿಗೆ, ಹರಿದ ಪಂಚೆ ದೀಪದ ಬತ್ತಿಗೆ, ನಿನ್ನೆಯ ರೊಟ್ಟಿ ಇವತ್ತಿನ ಒಗ್ಗರಣೆಗೆ. ಗುರುಗಳೇ ಹಾಕಿದ ನೇಮ ಅದು.

“ಆ ಬಾಟಲಿ ಸೀಲ್ ಒಡದದ್ದು ಯಾವಾಗ?”

“ಯಾರಿಗ್ಗೊತ್ತು? ನಾ ಇಲ್ಲಿಗೆ ಬರೂಕಿಂತ ಮೊದಲ ಒಡದಿತ್ತು.”

ಗುರುಗಳ ಮುಖ ಕೆಂಪಗಾಯಿತು. ಎದ್ದು ಕಾರಿನ ಹತ್ತಿರ ನಡೆದು ಬಾನೆಟ್ ಎತ್ತಿಸಿದರು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಧೂಳು, ಜಿಡ್ಡು ಮೆತ್ತಿಕೊಂಡು ಕರ್ರಗಿತ್ತು.

“ಒರಸು.”

ಒರೆಸಿದ.

“ಓದು.”

ಅಕ್ಷರಗಳು ಒಂದೊಂದಾಗಿ ಮೇಲೆದ್ದವು. “ಡಾಟ್ ಫೋರ್ ನಂಬರಿನ ಆಯಿಲ್ ಹಾಕಬೇಕು ಅಂತ ಐತ್ರಿ. ಸೀಲ್ ಒಡೀಲಾರದ ಬಾಟಲಿಯಿಂದ ಮಾತ್ರ ಹಾಕಬೇಕಂತ.”

“ಎಷ್ಟು ಸಲ ಈ ಮುಚ್ಚಳ ತಿರುವಿದ್ದಿ?”

ಚನ್ನವೀರ ಒರೆಸಿದ ಬಟ್ಟೆಯನ್ನು ನೆಲಕ್ಕೆ ಒಗೆದ.

ಅಡವಿಸ್ವಾಮಿಗಳು ಕಾವಿ ಉಡುವ ಮೊದಲು ಲಾರಿ ಓಡಿಸಿದವರು. “ಈ ಆಯಿಲ್ ಗಾಳಿಯೊಳಗಿನ ನೀರಿನ ಪಸಿ ಕುಡೀತೈತಿ,” ಎಂದರು. “ಇಳಿಜಾರಿನಾಗ ಬ್ರೇಕ್ ಕಾಯತೈತಿ, ಕುಡದ ಪಸಿ ಕುದ್ದು ಗುಳ್ಳಿ ಆಗತೈತಿ. ನಿನ್ನೆ ನೀ ತುಳದದ್ದು ಆ ಗುಳ್ಳಿನ್ನ. ಹೋಗು, ಊರಿಗೆ ಹೋಗಿ ಹೊಸಾದು ತಗೊಂಬಾ.”

“ಹ್ಯಾಂಗ ಹೋಗ್ಲಿ? ಚಾವಿ ನೀವು ಇಸಗೊಂಡೀರಿ.”

“ನೀಲವ್ವ ನಿನ್ನೆ ಹ್ಯಾಂಗ ಬಂದ್ಳು?”

ನಡೆದೇ ಹೋದ. ಬಿಸಿಲು ನೆತ್ತಿ ಸುಡುತ್ತಿತ್ತು. ಇಳಿಯುವಾಗ ಗುರುಗಳನ್ನು ಬೈದ, ಹತ್ತುವಾಗ ಗುರುಗಳ ಗುರುಗಳನ್ನೂ ಬೈದ. ಅಂಗಡಿಯವನ ಮೇಲೂ ಹರಿಹಾಯ್ದ. ಆ ಪುಣ್ಯಾತ್ಮ ಡಾಟ್ ಫೈವ್ ಬಾಟಲಿ ಮುಂದಿಟ್ಟು, “ನಾಲ್ಕಕ್ಕಿಂತ ಐದು ಚಲೋ ಅಲ್ಲೇನ್ರಿ?” ಎಂದಿದ್ದ.

“ಮುಚ್ಚಳದ ಮ್ಯಾಲೆ ನಾಲ್ಕು ಅಂತ ಬರದೈತಿ. ನಾಲ್ಕ ಕೊಡ್ರಿ. ಮೊದಲು ಸೀಲ್ ತೋರಸ್ರಿ.”

ಐದು ಬೇರೆಯದೇ ಜಾತಿಯ ಎಣ್ಣೆ, ನಾಲ್ಕರೊಂದಿಗೆ ಕೂಡುವುದಿಲ್ಲ ಎನ್ನುವುದು ಅಂಗಡಿಯವನಿಗೂ ಗೊತ್ತಿರಲಿಲ್ಲ, ಚನ್ನವೀರನಿಗೂ ಗೊತ್ತಿರಲಿಲ್ಲ. ಮುಚ್ಚಳಕ್ಕೆ ಗೊತ್ತಿತ್ತು.

ಬೆವರು ಸುರಿಸುತ್ತ ಮೇಲೆ ಬಂದು, ಡಬ್ಬಿಯಲ್ಲಿದ್ದ ಹಳೆಯದನ್ನು ಹೀರಿ ತೆಗೆದು ಹೊಸದನ್ನು ತುಂಬಿದ. ಪೈಪುಗಳಲ್ಲಿ ನಿಂತದ್ದನ್ನು ತೆಗೆಯಲು ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಬಳಿ ಮಲಗಿ ಎಣ್ಣೆ ಹೊರಬಿಡುವ ತಿರುಪು ಸಡಿಲಿಸಬೇಕು. ತಿರುಪು ಬಿಗಿಯುವ ಮೊದಲೇ ಕಾಲು ಎತ್ತಿದರೆ ಗಾಳಿ ಹೊಕ್ಕು ಮಾಡಿದ ಕೆಲಸವೆಲ್ಲ ಹಾಳು. ಒಳಗಿನವರು ಹೊರಗಿನವನ ಮಾತು ಕೇಳಲೇಬೇಕು.

“ಯಾರು ತುಳೀತಾರ?” ಎಂದು ಕೇಳಿದ.

“ನಾನು,” ಎಂದು ಗುರುಗಳು ಕಾವಿ ಎತ್ತಿಕಟ್ಟಿ ಒಳಗೆ ಕೂತರು.

“ತುಳೀರಿ.”

“ತುಳದೀನಿ.”

“ಹಿಡೀರಿ.”

“ಹಿಡದೀನಿ.”

ಚಹಾದ ಗಸಿಯಂಥ ಎಣ್ಣೆ ತಿರುಪಿಗೆ ಸಿಕ್ಕಿಸಿದ ಸಣ್ಣ ಪೈಪಿನಲ್ಲಿ ಗುಳ್ಳೆ ಗುಳ್ಳೆಯಾಗಿ ಇಳಿಯಿತು. ತಿರುಪು ಬಿಗಿದು “ಬಿಡ್ರಿ” ಎಂದ. ಮತ್ತೆ ತುಳೀರಿ, ಮತ್ತೆ ಹಿಡೀರಿ. ಎಣ್ಣೆ ತಿಳಿಯಾಗುವವರೆಗೂ ಹೀಗೇ. ಡಬ್ಬಿಗೆ ಎಲ್ಲಕ್ಕಿಂತ ದೂರದ ಗಾಲಿಯಿಂದ ಶುರುಮಾಡಿ ಒಂದೊಂದೇ ಮುಗಿಸುತ್ತ, ಡಬ್ಬಿ ಬರಿದಾಗದಂತೆ ತುಂಬುತ್ತ ಬಂದ.

ನಡುವೆ ನೀಲವ್ವ ನೀರು ತಂದಳು. ಹಣೆಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದಳು. ಚನ್ನವೀರ ಮಲಗಿದಲ್ಲಿಂದಲೇ ಕೈಚಾಚಿ ಚೊಂಬು ತೆಗೆದುಕೊಂಡು ಗಟಗಟ ಕುಡಿದು ಹಿಂದಕ್ಕೆ ಕೊಟ್ಟ. ಅವಳು ತುಸು ಹೊತ್ತು ನಿಂತಿದ್ದು ಹೋದಳು.

ಕೊನೆಯ ಗಾಲಿ.

“ತುಳೀರಿ. ಹಿಡೀರಿ.”

ತಿರುಪು ಬಿಗಿದ. ಆದರೆ “ಬಿಡ್ರಿ” ಎನ್ನಲಿಲ್ಲ. ನಿನ್ನೆಯಿಂದ ತಡೆದಿಟ್ಟುಕೊಂಡದ್ದು ಹೊರಗೆ ಬಂತು.

“ಎಲ್ಲಾ ತಪ್ಪು ನಂದೇನ್ರಿ? ಏನೂ ಚೆಲ್ಲಬ್ಯಾಡ ಅಂದವರು ಯಾರು? ನೀವು. ಲಾರಿ ಓಡಿಸಿದವರು ಯಾರು? ನೀವು. ದಿನಾ ಉಗ್ರಾಣಕ್ಕ ಬರ್ತೀರಿ, ಬೆಲ್ಲದ ಡಬ್ಬಿ ಮುಚ್ಚೈತೋ ಇಲ್ಲೋ ನೋಡ್ತೀರಿ. ಅದರ ಪಕ್ಕದಾಗ ಇದ್ದ ಆ ಬಾಟಲಿ ಎಂದಿಂದು ಅಂತ ಒಂದ ಸಲ ಕೇಳಲಿಲ್ಲ. ನೀವು ನೇಮ ಹಾಕಿ ಕುಂತ್ರಿ, ನಾ ಪಾಲಿಸಿದೆ. ನಿನ್ನೆ ಸತ್ತಿದ್ರ ನಿಮ್ಮ ನೇಮಕ್ಕ ಸಾಯ್ತಿದ್ದೆ. ಉಳಿಸಿಕೊಂಡು ಬಂದ್ರ ಚಾವಿ ಕಸಗೊಂಡ್ರಿ.”

ಚನ್ನವೀರ ತಲೆ ಎತ್ತಿ ತೆರೆದ ಬಾಗಿಲಿನ ಕೆಳಗಿಂದ ನೋಡಿದ. ಪೆಡಲನ್ನು ತಳಮುಟ್ಟಿಸಿ ಹಿಡಿದಿದ್ದ ಆ ಮುದಿ ಕಾಲು ಮೊಣಕಾಲಿನಿಂದ ಪಾದದವರೆಗೆ ನಡುಗುತ್ತಿತ್ತು.

“ಬೈದು ಮುಗೀತೇನು?” ಎಂದರು ಗುರುಗಳು.

“ಇಲ್ಲ.”

“ಹಂಗಾರ ಮುಗಸು. ನಾ ಹಿಡದೀನಿ.”

ಅವನಿಗೆ ಇನ್ನೂ ಬೈಯುವುದಿತ್ತು. ಆ ಕಾಲು ನೋಡುತ್ತ ಬೈಯಲು ಆಗಲಿಲ್ಲ.

“ಬಿಡ್ರಿ,” ಎಂದ.

ಗುರುಗಳು ಕುಂಟುತ್ತ ಇಳಿದು, ಹೊರಬಂದ ಹಳೆಯ ಎಣ್ಣೆಯ ಪಕ್ಕ ಉಗ್ರಾಣದ ಬಾಟಲಿಯನ್ನೂ ತಂದಿಟ್ಟರು. “ಇದನ್ನ ಮಣ್ಣಿಗೆ, ಹೊಳಿಗೆ ಚೆಲ್ಲಬ್ಯಾಡ. ಗ್ಯಾರೇಜಿನವರಿಗೆ ಕೊಡು. ನೀ ಅಂದದ್ದು ಖರೆ. ನೇಮ ನಂದು, ಅದನ್ನ ಹಾಕಿ ತಿರುಗಿ ನೋಡದವನೂ ನಾನ. ಇವತ್ತ ಊಟದ ಪಂಕ್ತಿಯೊಳಗ ಎಲ್ಲರ ಮುಂದ ಹೇಳ್ತೀನಿ.”

ಗುರುಗಳ ಬಾಯಿಂದಲೇ ತಪ್ಪು ಒಪ್ಪಿಸಿದೆ ಎಂದು ಚನ್ನವೀರನ ಎದೆ ಉಬ್ಬಿತು. ಸೀಟಿನಲ್ಲಿ ಕೂತು ಪೆಡಲ್ ಒತ್ತಿದ. ಅರ್ಧಕ್ಕೇ ಗಟ್ಟಿಯಾಗಿ ನಿಂತಿತು. ಮತ್ತೆ ಒತ್ತಿದ, ಅಲ್ಲೇ ನಿಂತಿತು.

ಇಳಿದು ಬಂದು ಅಂಗೈ ಚಾಚಿದ. “ಬ್ರೇಕ್ ಸರಿಯಾತು. ತಪ್ಪು ಯಾರದಂತ ನೀವ ಒಪ್ಪಿಕೊಂಡ್ರಿ. ನಾಳೆ ನೀಲವ್ವನ್ನ ಡಾಕ್ಟರ್ ಹತ್ರ ಕರಕೊಂಡು ಹೋಗಬೇಕು. ಈಗಾದ್ರೂ ಚಾವಿ ಕೊಡ್ರಿ.”

ಗುರುಗಳು ಆ ಅಂಗೈಯನ್ನು ನೋಡಿದರು. ಬೆಳಗಿನ ಸಿಟ್ಟು ಅವರ ಮುಖದಿಂದ ಇನ್ನೂ ಇಳಿದಿರಲಿಲ್ಲ.

“ಚಾವಿ ನನ್ನ ಹತ್ರ ಇಲ್ಲ. ನಿನ್ನೆ ಸಂಜೀಕ ನೀಲವ್ವನ ಕೈಯಾಗ ಕೊಟ್ಟೀನಿ. ‘ನಿನ್ನ ಹಣಿ ಹ್ಯಾಂಗೈತಿ ಅಂತ ಚನ್ನವೀರ ಕೇಳಾಕ ಬಂದಾಗ ಕೊಡು’ ಅಂತ ಆಕಿಗೆ ಅಂದೀನಿ.”