ಹಿಡಿಯದೆ ಬಿಟ್ಟ ಕಾಲು

"ಅವ್ವಾ, ಬಂದವರನ್ನೆಲ್ಲ ಪರೀಕ್ಷೆ ಮಾಡಿ ನೋಡಿದೆ. ಒಬ್ಬರೂ ಗಟ್ಟಿ ಅನ್ನಿಸಲಿಲ್ಲ. ಮನುಷ್ಯರನ್ನು ಆರಿಸುವಾಗ ಏನನ್ನು ನೋಡಬೇಕು?" ಎಂದು ಶಿಷ್ಯೆ ಕೇಳಿದಳು. ಮಠದ ಮಕ್ಕಳಿಗೆ ಪಾಠ ಹೇಳಲು ಒಬ್ಬರನ್ನು ಆರಿಸುವ ಕೆಲಸವನ್ನು ಅವ್ವ ಅವಳಿಗೆ ಒಪ್ಪಿಸಿದ್ದರು.

ಅವ್ವ ಹೇಳಿದರು: ನಿಂತುಕೊಂಡೇ ಕೇಳಿಬಿಟ್ಟರೆ ಹೇಗೆ? ಕೂತುಕೋ ಮಗಳೇ. ಗೋಡೆಗೆ ಒರಗು, ಕಾಲು ಚಾಚು, ಕೈಯಲ್ಲಿರುವುದನ್ನು ಪಕ್ಕಕ್ಕಿಡು. ಅರ್ಧ ಮನಸ್ಸು ಒಲೆಯ ಮೇಲಿಟ್ಟುಕೊಂಡು ಕೇಳುವ ಕತೆಯಲ್ಲ ಇದು.

ಒಬ್ಬ ಆಯ್ಕೆಗಾರನಿದ್ದ. ದೊಡ್ಡದೊಂದು ಕಬಡ್ಡಿ ತಂಡ ಅವನನ್ನು ಸಂಬಳ ಕೊಟ್ಟು ಇಟ್ಟುಕೊಂಡಿತ್ತು. ಊರೂರು ಸುತ್ತುವುದು, ಕಾಲೇಜು ಹುಡುಗರ ಆಟ ನೋಡುವುದು, ಇವನು ಆದಾನು, ಇವನು ಆಗಲಾರ ಎಂದು ತಂಡದ ಯಜಮಾನರಿಗೆ ತಿಳಿಸುವುದು, ಇದು ಅವನ ಕೆಲಸ. ಆರಿಸಿದ ಹುಡುಗರನ್ನು ಶಿಬಿರದಲ್ಲಿ ಪಳಗಿಸುವವನೂ ಅವನೇ. ಒಂದು ಕಾಲದಲ್ಲಿ ಒಳ್ಳೆಯ ರೈಡರ್ ಆಗಿದ್ದವನು. ಕಬಡ್ಡಿ ಕಬಡ್ಡಿ ಎನ್ನುತ್ತ ಎದುರಾಳಿಗಳ ಅಂಕಣಕ್ಕೆ ನುಗ್ಗಿ, ಒಬ್ಬನನ್ನು ಮುಟ್ಟಿ, ಉಸಿರು ಬಿಡುವುದರೊಳಗೆ ಗೆರೆ ದಾಟಿ ಬಂದುಬಿಡುತ್ತಿದ್ದ.

ಒಂದು ಸಂಗತಿಯನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ಅವನ ಬಲಮಂಡಿ ಕೆಟ್ಟುಹೋಗಿತ್ತು. ಹುಡುಗರ ಜೊತೆ ಅಂಕಣಕ್ಕೆ ಇಳಿಯಲಾರದವನನ್ನು ತಂಡ ಇಟ್ಟುಕೊಳ್ಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ನಡಿಗೆಯನ್ನೇ ತಿದ್ದಿಕೊಂಡಿದ್ದ. ಮೆಟ್ಟಿಲು ಬಂದರೆ ಫೋನ್ ಬಂದವನ ಹಾಗೆ ಹಿಂದೆ ಉಳಿದು, ಎಲ್ಲರೂ ಹೋದ ಮೇಲೆ ಒಂದೊಂದಾಗಿ ಇಳಿಯುತ್ತಿದ್ದ. ಕಟ್ಟಿಕೊಂಡ ಹೆಂಡತಿಗೂ ತಿಳಿಯದ ಹಾಗೆ ಬಾಳ್ವೆ ಮಾಡಿದ, ನೋಡು.

ಆ ವರ್ಷ ತಂಡಕ್ಕೆ ಎಡಮೂಲೆಯಲ್ಲಿ ನಿಲ್ಲುವ ಹಿಡಿತಗಾರನೊಬ್ಬ ಬೇಕಾಗಿದ್ದ. ನುಗ್ಗಿ ಬಂದವನ ಕಾಲು ಹಿಡಿದು, ಹೋಗಲು ಬಿಡದೆ ನಿಲ್ಲಿಸುವವನು. ಹಿಂದಿನ ಸಲ ಆಯ್ಕೆಗಾರ ತೋರಿಸಿಕೊಟ್ಟಿದ್ದ ಹುಡುಗ ದೀಪದ ಬೆಳಕಿಗೆ, ಜನರ ಕೂಗಿಗೆ ಹೆದರಿ ಕುಗ್ಗಿಹೋಗಿದ್ದ. ಈ ಸಲವೂ ಹಾಗಾದರೆ ಬೇರೆ ಕೆಲಸ ನೋಡಿಕೋ ಎಂದು ಯಜಮಾನರು ನಗುನಗುತ್ತಲೇ ಹೇಳಿದ್ದರು.

ಒಂದು ಕಾಲೇಜಿನಲ್ಲಿ ಅಂಥ ಹುಡುಗನಿದ್ದಾನೆ ಎಂದು ಸುದ್ದಿ ಬಂತು. ಹೆಸರು ಬೋರಲಿಂಗ. ಅದು ಅವನ ಕಾಲೇಜಿನ ಕೊನೆಯ ವರ್ಷ. ಅಷ್ಟು ಹೊತ್ತಿಗೆ ಬೇರೆ ತಂಡದವರು ಬಂದು, ಟೇಪು ಹಿಡಿದು, ಎತ್ತರ ಸಾಲದು, ತೋಳು ಗಿಡ್ಡ ಎಂದು ಹೋಗಿಯಾಗಿತ್ತು. ಉಳಿದವನು ಈ ಆಯ್ಕೆಗಾರ ಒಬ್ಬನೇ. ಇವನೂ ಬೇಡವೆಂದರೆ ಹುಡುಗನ ಆಟ ಅಲ್ಲಿಗೆ ಮುಗಿಯಿತು.

ಆಯ್ಕೆಗಾರ ಹೋಗಿ ಪಂದ್ಯ ನೋಡಿದ. ಬೋರಲಿಂಗ ಒಬ್ಬನನ್ನೂ ಹಿಡಿಯಲಿಲ್ಲ. ಇದನ್ನು ನೋಡಲು ಇಷ್ಟು ದೂರ ಬಂದೆನೇ ಎಂದು ಅವನಿಗೆ ಬೇಜಾರಾಯಿತು. ಆಮೇಲೆ ಗಮನಿಸಿದ. ಹುಡುಗ ಹಿಡಿಯದೆ ಬಿಟ್ಟದ್ದಲ್ಲ. ಹಿಡಿಯಲು ಅವನ ಹತ್ತಿರ ಯಾರೂ ಬಂದಿರಲೇ ಇಲ್ಲ. ರೈಡರ್‌ಗಳು ಗೆರೆ ದಾಟುತ್ತಿದ್ದರು, ಎಡಮೂಲೆಯ ಕಡೆ ಒಂದು ಸಲ ಕಣ್ಣು ಹಾಯಿಸುತ್ತಿದ್ದರು, ಇನ್ನೊಂದು ಕಡೆಗೆ ತಿರುಗಿಬಿಡುತ್ತಿದ್ದರು. ಅಲ್ಲಿ ಗೋಡೆ ಕಟ್ಟಿದ ಹಾಗಿತ್ತು. ರೈಡರ್ ಇನ್ನೂ ಯಾವ ಕಡೆ ಎಂದು ಯೋಚಿಸುತ್ತಿರುವಾಗಲೇ ಬೋರಲಿಂಗನ ಹಿಮ್ಮಡಿ ನೆಲ ಬಿಟ್ಟು ಆ ಕಡೆಗೆ ಸರಿದಿರುತ್ತಿತ್ತು. ಆಯ್ಕೆಗಾರ ಎಷ್ಟೋ ಹಿಡಿತಗಾರರನ್ನು ಕಂಡವನು. ನಿಂತಲ್ಲಿಂದಲೇ ಅರ್ಧ ಅಂಕಣವನ್ನು ಎದುರಾಳಿಗಳ ಕೈಯಿಂದ ಕಿತ್ತುಕೊಂಡವನನ್ನು ಅವನು ಕಂಡಿರಲಿಲ್ಲ.

ಆದರೆ ಯಜಮಾನರಿಗೆ ಏನೆಂದು ಹೇಳುವುದು? ಎಲ್ಲರೂ ಹೆದರಿದರು ಎಂದರೆ, ಹಿಡಿದದ್ದು ಯಾರನ್ನಪ್ಪಾ ಎಂದು ಕೇಳುತ್ತಾರೆ. ಹಾಗಾಗಿ ಮರುದಿನ ಅಭ್ಯಾಸದ ಹೊತ್ತಿಗೆ, ನಾನೇ ಒಂದು ರೈಡ್ ಬರುತ್ತೇನೆ, ಹಿಡಿಯಲಿ ನೋಡೋಣ ಎಂದ. ಕಾಲೇಜಿನ ಕೋಚ್ ಬೋರಲಿಂಗನ ಬೆನ್ನು ತಟ್ಟಿ, ಇವರನ್ನು ಹಿಡಿದರೆ ನಿನ್ನ ಬದುಕನ್ನೇ ಹಿಡಿದ ಹಾಗೆ ಎಂದು ಹೇಳಿ ಕಳುಹಿಸಿದ.

ಆಯ್ಕೆಗಾರ ಉಸಿರು ಕಟ್ಟಿ ಇಳಿದ. ಹಳೆಯ ಆಟವೆಲ್ಲ ಮೈಗೆ ನೆನಪಿತ್ತು. ಆ ಕಡೆ ಹೋದಂತೆ ಮಾಡಿ ಈ ಕಡೆ ಬಂದ, ಎಡಮೂಲೆಯನ್ನು ಮುಟ್ಟಲು ಹೋದ. ಹೋಗುವಾಗ ಅವನ ಬಲಗಾಲು ಬೋರಲಿಂಗನ ಕೈಯಳತೆಗೆ ಬಂದುಬಿಟ್ಟಿತು. ತಪ್ಪು ಮಾಡಿದೆ ಎಂದು ಅವನಿಗೇ ಗೊತ್ತಾಯಿತು. ಈಗ ಎಳೆಯುತ್ತಾನೆ, ಈಗ ಜೀವ ಹೋಗುತ್ತದೆ ಎಂದು ಹಲ್ಲು ಕಚ್ಚಿದ. ಬೋರಲಿಂಗನ ಕೈ ಬಂತು, ಬಂದದ್ದು ನಡುದಾರಿಯಲ್ಲಿ ನಿಂತಿತು. ಮರುಕ್ಷಣ ಹುಡುಗ ಆ ಕಾಲನ್ನು ಬಿಟ್ಟು ಆಚೆಯ ಎಡಗಾಲಿಗೆ ಹಾರಿದ. ಬೆರಳು ಹಿಮ್ಮಡಿಯನ್ನು ಸವರಿತು, ಅಷ್ಟೇ. ಆಯ್ಕೆಗಾರ ಮಗ್ಗುಲಾಗಿ ಬಿದ್ದು ಗೆರೆ ಮುಟ್ಟಿದ್ದ.

ಹುಡುಗರೆಲ್ಲ ನಕ್ಕರು. ಕೋಚ್‌ಗೆ ಮೈಯೆಲ್ಲ ಉರಿಯಿತು. ಕೈಗೆ ಸಿಕ್ಕಿದ ಕಾಲು ಬಿಟ್ಟು ಸಿಗದ ಕಾಲಿಗೆ ಹಾರಿದೆಯಲ್ಲೋ, ಮನೆಯ ಬೆಕ್ಕಿಗಾದರೂ ಇಷ್ಟು ಬುದ್ಧಿ ಇರುತ್ತದೆ ಎಂದು ಎಲ್ಲರ ಮುಂದೆ ಬೈದ. ಬೋರಲಿಂಗ ಕೈಗೆ ಅಂಟಿದ ಮಣ್ಣು ಒರೆಸಿಕೊಳ್ಳುತ್ತ ನಿಂತಿದ್ದ.

ಆಯ್ಕೆಗಾರ ಅವನನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದುಕೊಂಡು ಹೋಗಿ, ಆ ಕಾಲು ಯಾಕೆ ಬಿಟ್ಟೆ ಎಂದು ಕೇಳಿದ.

ಹುಡುಗ ಸುತ್ತ ಒಂದು ಸಲ ನೋಡಿ, ದನಿ ತಗ್ಗಿಸಿದ. "ಆ ಮಂಡಿ ತಿರುಗಲ್ಲ ಸಾರ್. ನೀವು ಗೆರೆ ದಾಟೋವಾಗಲೇ ಕಂಡಿತು. ಹಿಡಿದು ಎಳೆದಿದ್ದರೆ ನೀವು ಮತ್ತೆ ಏಳ್ತಿರಲಿಲ್ಲ."

ಆಯ್ಕೆಗಾರ ಮಂಡಿಯ ಮಾತನ್ನು ಮುಟ್ಟದೆ, "ಪಂದ್ಯದಲ್ಲೂ ಹೀಗೆ ಅಯ್ಯೋ ಪಾಪ ಅಂತ ನಿಂತರೆ ನಿನ್ನನ್ನು ಯಾರಪ್ಪ ಇಟ್ಟುಕೊಳ್ತಾರೆ?" ಎಂದ.

"ಪಂದ್ಯದಲ್ಲಾದರೆ ಆ ಕಾಲಿಗೇ ಬೀಳ್ತಿದ್ದೆ ಸಾರ್. ಅಲ್ಲಿ ಬರೋನು ಆಡೋಕೆ ಬಂದಿರ್ತಾನೆ. ನೀವು ಬಂದಿದ್ದು ನನ್ನನ್ನ ನೋಡೋಕೆ."

ಆಯ್ಕೆಗಾರ ರೈಲು ಹತ್ತಿ ಕುಳಿತ. ದಾರಿಯುದ್ದಕ್ಕೂ ಒಂದೇ ಯೋಚನೆ. ಈ ಹುಡುಗ ತಂಡಕ್ಕೆ ಬಂದರೆ ತನ್ನ ಗುಟ್ಟು ಬಲ್ಲವನು ದಿನಾ ಕಣ್ಣ ಮುಂದೆ ಇರುತ್ತಾನೆ. ಗಿಡ್ಡ, ಆಗಲಾರ ಎಂದು ಒಂದು ಮಾತು ಹೇಳಿದರೆ ಸಾಕು. ಬೇರೆಯವರೂ ಅದನ್ನೇ ಹೇಳಿದ್ದಾರೆ. ಯಾರೂ ಮರುಮಾತು ಆಡುವುದಿಲ್ಲ. ಆದರೆ ಕೋಚ್ ಬೈದ ಬೈಗುಳ ಅವನ ಕಿವಿಯಲ್ಲೇ ಇತ್ತು. ಇವರ ಮಂಡಿ ಕೆಟ್ಟಿದೆ ಎಂದು ಒಂದು ಮಾತು ಅಂದಿದ್ದರೆ ಹುಡುಗನ ಮಾನವೂ ಉಳಿಯುತ್ತಿತ್ತು, ಅವಕಾಶವೂ ಉಳಿಯುತ್ತಿತ್ತು. ಬದುಕೇ ಕೈತಪ್ಪುತ್ತಿದ್ದಾಗಲೂ ಅವನು ಅದನ್ನು ಅನ್ನಲಿಲ್ಲ. ಅದೂ ನಿನ್ನೆ ಮೊನ್ನೆ ಕಂಡವನಿಗಾಗಿ.

ಮರುದಿನ ಆಯ್ಕೆಗಾರ ಯಜಮಾನರ ಮುಂದೆ ನಿಂತ. ಮಂಡಿಯ ವಿಷಯವನ್ನೂ ಬಿಡದೆ ನಡೆದದ್ದನ್ನೆಲ್ಲ ಹೇಳಿದ. "ಇಷ್ಟು ವರ್ಷ ನೀವೆಲ್ಲ ನನ್ನನ್ನು ನೋಡಿದಿರಿ, ಯಾರಿಗೂ ಕಾಣಲಿಲ್ಲ. ಅವನಿಗೆ ಒಂದು ಉಸಿರಿನಲ್ಲಿ ಕಂಡಿತು. ಹಿಡಿಯಲು ಬಲ್ಲವರು ಬೇಕಾದಷ್ಟು ಜನ ಸಿಗುತ್ತಾರೆ. ಯಾವುದನ್ನು ಹಿಡಿಯಬೇಕು ಎಂದು ಬಲ್ಲವನು ಇವನೊಬ್ಬ" ಎಂದ.

ಆಮೇಲೆ ಏನಾಯಿತು ಅಂತೀಯಾ? ಬೋರಲಿಂಗನನ್ನು ತೆಗೆದುಕೊಂಡರು. ಮೊದಲು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಒಂದು ದಿನ ಯಾರಿಗೋ ಪೆಟ್ಟಾಗಿ ಒಳಗೆ ಕಳಿಸಿದರು. ಮತ್ತೆ ಹೊರಗೆ ಕರೆಯುವ ಪ್ರಮೇಯ ಬರಲಿಲ್ಲ. ಅವನೇ ತಂಡದ ನಾಯಕನಾದ. ಎದುರು ತಂಡದವರು ತಮ್ಮ ಹುಡುಗರಿಗೆ ಅವನ ಮೂಲೆ ತಪ್ಪಿಸಿ ಆಚೆ ಕಡೆಯಿಂದ ಹೋಗುವುದನ್ನೇ ಬೇರೆಯಾಗಿ ಕಲಿಸುತ್ತಿದ್ದರಂತೆ. ನೋವಿದ್ದ ಕಾಲು ಸಿಕ್ಕಿದಾಗ ಅವನು ಹಿಡಿದ, ಗಟ್ಟಿಯಾಗಿಯೇ ಹಿಡಿದ. ಸಿಕ್ಕಿಬಿದ್ದವನನ್ನು ಎಬ್ಬಿಸಿ ನಿಲ್ಲಿಸಿಯೇ ತನ್ನ ಜಾಗಕ್ಕೆ ಹೋಗುತ್ತಿದ್ದ.

ಆಯ್ಕೆಗಾರ ಹೆದರಿದ್ದೇ ಆಯಿತು, ಶಿಬಿರದ ಕೆಲಸ ಹೋಯಿತು. ಆಟಗಾರರನ್ನು ನೋಡುವ ಕೆಲಸ ಮಾತ್ರ ಉಳಿಯಿತು. ಮಂಡಿಗೆ ಆಪರೇಷನ್ ಆಯಿತು. ಅವನ ಹೆಂಡತಿ ಕೆಲಸ ಹೋದದ್ದಕ್ಕೆ ಒಂದು ಮಾತೂ ಆಡಲಿಲ್ಲ, ತನಗೆ ಹೇಳದೆ ನರಳಿದ್ದಕ್ಕೆ ಮಾತ್ರ ಇವತ್ತಿಗೂ ಬೈಯುತ್ತಾಳೆ. ಬೈಗುಳ ಕೇಳಿಕೊಂಡೇ ಅವನು ಅವಳ ಜೊತೆ ಸಂಜೆ ನಡೆದಾಡುತ್ತಾನೆ. ಇನ್ನು ಆ ಕೋಚ್, ಕೈಗೆ ಸಿಕ್ಕಿದ ಕಾಲು ಬಿಟ್ಟನಲ್ಲ ಎಂದು ವರ್ಷಗಟ್ಟಲೆ ಕೊರಗಿದ. ಈಗ ಅದನ್ನು ಕಲಿಸಿದ್ದೇ ತಾನು ಎಂದು ಹೇಳಿಕೊಂಡು ತಿರುಗುತ್ತಾನೆ. ಹೇಳಿಕೊಳ್ಳಲಿ ಬಿಡು.

ಅವ್ವ ಶಿಷ್ಯೆಯ ಮುಖ ನೋಡಿದರು.

"ಪಾಠ ಹೇಳಲು ಬಂದವರಲ್ಲಿ ನಿನಗೆ ಕಂಡದ್ದನ್ನು ನೀನು ಹೇಳಿದೆ, ನಿನ್ನಲ್ಲಿ ಅವರಿಗೆ ಏನು ಕಂಡಿತು ಅಂತ ಕೇಳಿದೆಯಾ, ಮಗಳೇ?"

ಶಿಷ್ಯೆ ಎದ್ದು, ಬಂದವರನ್ನೆಲ್ಲ ಇನ್ನೊಂದು ಸಲ ಕರೆಯಲು ಹೊರಟಳು.